ಹಾಲು ಕಂಡರೆ ಓಡಿದ ಬೆಕ್ಕು



ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ನೀವು ಮನೆಯಲ್ಲಿ ಕನ್ನಡದಲ್ಲೂ ಶಾಲೆಯಲ್ಲಿ ತೆಲುಗಿನಲ್ಲೂ ಕೇಳಿರುತ್ತೀರಿ. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟ, ಅದರ ಹಾಲಿಗೆಂದು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಬೆಕ್ಕಿಗೆ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲಿನ ಹತ್ತಿರ ಸುಳಿಯಲಿಲ್ಲ.

"ಯಾರು ಬಂದರೂ ಅಷ್ಟೇ ಅಂಕಲ್. ನಾವು ಕನ್ನಡದವರು, ಇಲ್ಲಿನ ರಾಜಕೀಯ ನಮಗೇಕೆ?" ಎಂದು ನಿಮ್ಮಲ್ಲಿ ಕೆಲವರು ಹೇಳುವಾಗ ನನಗೆ ಆ ಬೆಕ್ಕು ನೆನಪಾಗುತ್ತದೆ.

ಬಾಯಿ ಸುಟ್ಟದ್ದು ಸುಳ್ಳಲ್ಲ. ವಿಜಯವಾಡದ ಮಿತ್ರರಿಗೆ ಅಮರಾವತಿ ಕೂಗಳತೆಯಲ್ಲಿದೆ. 2014ರ ವಿಭಜನೆಯ ನಂತರ ಅಲ್ಲಿನ ರೈತರು ಸುಮಾರು 33,000 ಎಕರೆ ಭೂಮಿಯನ್ನು ರಾಜಧಾನಿಗಾಗಿ ಬಿಟ್ಟುಕೊಟ್ಟರು. ಮುಂದೆ ಅಭಿವೃದ್ಧಿಯಾದ ನಿವೇಶನ ಸಿಗುತ್ತದೆಂಬ ಸರ್ಕಾರದ ಮಾತೇ ಅವರಿಗೆ ಆಧಾರ. 2015ರಲ್ಲಿ ಶಂಕುಸ್ಥಾಪನೆಯೂ ಆಯಿತು. 2019ರಲ್ಲಿ ಸರ್ಕಾರ ಬದಲಾಗಿ, ಮೂರು ರಾಜಧಾನಿಗಳ ಘೋಷಣೆ ಬಂತು. ಆಡಳಿತ ವಿಶಾಖಪಟ್ಟಣಕ್ಕೆ ಎಂದರು. ವಿಶಾಖದವರಲ್ಲಿ ಆಸೆ ಹುಟ್ಟಿಸಿದ ಆ ಮಾತೂ ನಿಲ್ಲಲಿಲ್ಲ. 2021ರ ನವೆಂಬರಿನಲ್ಲಿ ಆ ಕಾಯಿದೆಯನ್ನು ಹಿಂತೆಗೆದುಕೊಂಡರು.

ವಿಶಾಖದವರ ಇನ್ನೊಂದು ಗಾಯ ಉಕ್ಕಿನದು. "ವಿಶಾಖ ಉಕ್ಕು, ಆಂಧ್ರುಲ ಹಕ್ಕು" ಎಂಬ ಘೋಷಣೆಗೆ ನಮಗೆ ಅನುವಾದ ಬೇಕಿಲ್ಲ. ಉಕ್ಕೂ ಹಕ್ಕೂ ನಮ್ಮ ಮಾತುಗಳೇ. 1966ರ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದ ಮೇಲೆ ಬಂದ ಕಾರ್ಖಾನೆ ಅದು. 2021ರ ಜನವರಿಯಲ್ಲಿ ಕೇಂದ್ರ ಅದರ ಪೂರ್ಣ ಖಾಸಗೀಕರಣಕ್ಕೆ ಒಪ್ಪಿತು.

ಹೀಗೆ ನಂಬಿಕೆ ಸವೆದಾಗ ಒಳ್ಳೆಯ ಮಾತಿಗೂ ಕಿವಿ ಸಿಗುವುದಿಲ್ಲ. 2024ರ ಚುನಾವಣೆಯ ಹೊತ್ತಿಗೆ ಭೂ ಹಕ್ಕಿನ ಹೊಸ ಕಾಯಿದೆ ಬಂದಿತ್ತು. ದಾಖಲೆ ಸರಿಪಡಿಸಲು ಎಂದು ಸರ್ಕಾರ ಹೇಳಿದರೂ ಜಮೀನು ಕೈತಪ್ಪುತ್ತದೆಂಬ ಭಯವೇ ಹಳ್ಳಿಹಳ್ಳಿಗೆ ಹಬ್ಬಿತು. ಅದೊಂದೇ ಕಾರಣವಲ್ಲ; ಆದರೆ 175 ಸ್ಥಾನಗಳಲ್ಲಿ 151 ಗೆದ್ದಿದ್ದ ಪಕ್ಷ 11ಕ್ಕೆ ಇಳಿಯಿತು. ಹೊಸ ಸರ್ಕಾರ ಆ ಕಾಯಿದೆಯನ್ನೇ ರದ್ದು ಮಾಡಿತು.

ಇದು ನಮ್ಮಲ್ಲಷ್ಟೇ ಇರುವ ಕಾಯಿಲೆಯಲ್ಲ. ಅಮೆರಿಕದಲ್ಲಿ 1958ರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಸರ್ಕಾರವನ್ನು ನಂಬುತ್ತಿದ್ದರು. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣಗಳ ನಂತರ ಆ ನಂಬಿಕೆ ಕುಸಿಯಿತು. ಈಚಿನ ವರ್ಷಗಳಲ್ಲಿ ಅದು ಐವರಲ್ಲಿ ಒಬ್ಬರ ಆಸುಪಾಸಿನಲ್ಲಿದೆ. ಅಲ್ಲಿ ವಾಷಿಂಗ್ಟನ್ನನ್ನು ಬೈಯುವುದೇ ವಾಷಿಂಗ್ಟನ್ ತಲುಪುವ ದಾರಿಯಾಗಿಬಿಟ್ಟಿದೆ. ಬೈದು ಗೆದ್ದವರು ಮರುದಿನ ತಾವೇ ಸರ್ಕಾರವಾಗುತ್ತಾರೆ. ಜನ ಅವರನ್ನೂ ನಂಬುವುದಿಲ್ಲ.

ಹಾಗಾದರೆ ಅಪನಂಬಿಕೆಯೇ ತಪ್ಪೇ? ಅಲ್ಲ. ಅಮರಾವತಿಯ ರೈತರನ್ನು ನೋಡಿ. ಅವರೂ ಸರ್ಕಾರವನ್ನು ನಂಬಲಿಲ್ಲ. ಆದರೆ ಮನೆಯಲ್ಲಿ ಕೂರಲಿಲ್ಲ. ಒಪ್ಪಂದದ ಕಾಗದ ಹಿಡಿದು ಹೈಕೋರ್ಟಿಗೆ ಹೋದರು, ತಿರುಪತಿಯವರೆಗೆ ನಡೆದರು. 2022ರ ಮಾರ್ಚಿನಲ್ಲಿ ಹೈಕೋರ್ಟು ಅವರ ಪರ ತೀರ್ಪಿತ್ತಿತು. 2025ರ ಮೇ ತಿಂಗಳಲ್ಲಿ ಕಾಮಗಾರಿಗೆ ಮತ್ತೆ ಚಾಲನೆ ಸಿಕ್ಕಿತು. ಉಕ್ಕಿನ ನೌಕರರೂ ಬೀದಿಗಿಳಿದು ಪಟ್ಟು ಹಿಡಿದರು. 2025ರ ಜನವರಿಯಲ್ಲಿ ಕೇಂದ್ರ 11,440 ಕೋಟಿ ರೂಪಾಯಿಗಳ ನೆರವು ಪ್ರಕಟಿಸಿತು. ಇವರು ಹಾಲನ್ನು ಊದಿ ಕುಡಿದವರು. ಬಟ್ಟಲು ಬಿಟ್ಟು ಓಡಿದವರಲ್ಲ.

ನಿಮ್ಮ ಹಿರಿಯರು ಹೋಟೆಲು, ಬ್ಯಾಂಕು, ಬಂದರಿನ ಕೆಲಸಕ್ಕೆಂದು ಇಲ್ಲಿಗೆ ಬಂದವರು. ನೀವು ಇಲ್ಲೇ ಬೆಳೆದವರು; ಇಲ್ಲಿನ ನೀರು, ರಸ್ತೆ, ಕಾಲೇಜು ನಿಮ್ಮವೂ ಹೌದು. 1989ರಿಂದ ಮತದಾನಕ್ಕೆ 18 ವರ್ಷ ತುಂಬಿದರೆ ಸಾಕು. ಯಾವ ಭಾಷೆಯವರೆಂದು ಯಾರೂ ಕೇಳುವುದಿಲ್ಲ. ಇನ್ನೂ ಹೆಸರು ಸೇರಿಸದವರು ಈ ವಾರವೇ ಆರನೇ ನಮೂನೆಯ ಅರ್ಜಿ ತುಂಬಿರಿ. ಮತ ಹಾಕಿದ ಮೇಲೆ ಗೆದ್ದವರನ್ನು ಪ್ರಶ್ನಿಸಿರಿ.

ಅಂದಹಾಗೆ, ಆ ಕಥೆಯಲ್ಲಿ ಬೆಕ್ಕು ಬಿಟ್ಟ ಹಾಲನ್ನು ಕುಡಿದವರು ಯಾರು, ನೆನಪಿದೆಯೇ? ಕುದಿಯುವ ಹಾಲಿಟ್ಟ ರಾಮಕೃಷ್ಣನೇ!