ಹಲ್ಲಿನ ಕಲೆಯೂ ಊರಿನ ಬಾವಿಯೂ

ಗೌರಿಬಿದನೂರಿನ ಬಳಿ 1965ರಲ್ಲಿ ಪರಮಾಣು ಶಕ್ತಿ ಇಲಾಖೆಯವರು ಭೂಕಂಪಮಾಪಕಗಳ ಒಂದು ವ್ಯೂಹವನ್ನು ಸ್ಥಾಪಿಸಿದರು. ಒಂದೇ ಮಾಪಕವಿದ್ದರೆ ನೆಲ ನಡುಗಿತೆಂಬುದಷ್ಟೇ ತಿಳಿದೀತು. ದೂರದೂರದಲ್ಲಿರುವ ಹಲವು ಮಾಪಕಗಳನ್ನು ಅಲೆಯು ಯಾವ ಯಾವ ಕ್ಷಣದಲ್ಲಿ ಮುಟ್ಟಿತೆಂದು ಹೋಲಿಸಿದರೆ, ಅದು ಬಂದ ದಿಕ್ಕೂ ತಿಳಿಯುತ್ತದೆ. ರೋಗಗಳ ವಿಷಯದಲ್ಲಿಯೂ ಇದೇ ನ್ಯಾಯ. ಒಬ್ಬ ರೋಗಿಯನ್ನು ಪರೀಕ್ಷಿಸಿದರೆ ರೋಗದ ಲಕ್ಷಣಗಳು ತಿಳಿಯುತ್ತವೆ. ಅದರ ಮೂಲವು ಅನೇಕ ಜನರನ್ನೂ ಅನೇಕ ಊರುಗಳನ್ನೂ ಹೋಲಿಸಿದಾಗಲೇ ಹೊರಬೀಳುವುದುಂಟು. ಈ ಹೋಲಿಕೆಯ ಶಾಸ್ತ್ರಕ್ಕೆ ಸಾಂಕ್ರಾಮಿಕ ರೋಗಶಾಸ್ತ್ರವೆಂದು ಹೆಸರು. ಹೆಸರು ಹೀಗಿದ್ದರೂ ಅದು ಅಂಟುರೋಗಗಳಿಗೆ ಮಾತ್ರ ಮೀಸಲಾದುದಲ್ಲ. ನಮ್ಮ ಸೀಮೆಯ ಮಕ್ಕಳ ಹಲ್ಲುಗಳೇ ಇದಕ್ಕೆ ಸಾಕ್ಷಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿಂದೆ ಕೆರೆ, ಕುಂಟೆ, ತೆರೆದ ಬಾವಿಗಳೇ ಜನಕ್ಕೆ ಆಧಾರವಾಗಿದ್ದವು. ಅವು ಬತ್ತಿದಂತೆಲ್ಲ ಕೊಳವೆಬಾವಿಗಳು ಬಂದವು. ಎಷ್ಟೋ ಕಡೆ ಅವುಗಳ ಆಳ ಸಾವಿರ ಅಡಿಯನ್ನೂ ಮೀರಿದೆ. ಇಂತಹ ಹಲವು ಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿರುತ್ತದೆ. ಎಳೆಯ ವಯಸ್ಸಿನಲ್ಲಿ ಅಂತಹ ನೀರನ್ನು ಕುಡಿದ ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂತಹ ಬಿಳಿ ಮಚ್ಚೆಗಳೂ ಕಂದು ಪಟ್ಟೆಗಳೂ ಮೂಡುತ್ತವೆ. ಮಿತಿಮೀರಿದ ಫ್ಲೋರೈಡನ್ನು ಹಲವು ವರ್ಷ ಸೇವಿಸಿದವರಿಗೆ ಕೀಲುನೋವು ಬರುತ್ತದೆ, ಬೆನ್ನು ಬಗ್ಗದಂತಾಗುತ್ತದೆ.

ಕಲೆಗೂ ನೀರಿಗೂ ಇರುವ ಈ ನಂಟನ್ನು ಕಂಡುಹಿಡಿದ ಬಗೆ ಸ್ವಾರಸ್ಯವಾದುದು. ದಂತವೈದ್ಯ ಫ್ರೆಡರಿಕ್ ಮೆಕೇ 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದಾಗ ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡನು. ದೊಡ್ಡವರಾದ ಮೇಲೆ ಅಲ್ಲಿಗೆ ಬಂದು ನೆಲಸಿದವರಲ್ಲಿ ಅವು ಕಾಣಲಿಲ್ಲ. ಆದುದರಿಂದ ಹಲ್ಲು ಮೂಡುವ ವಯಸ್ಸಿನಲ್ಲಿಯೇ ಏನೋ ಆಗಿರಬೇಕೆಂಬುದು ಸ್ಪಷ್ಟವಾಯಿತು. ಐಡಹೊ ಪ್ರಾಂತದ ಓಕ್ಲಿ ಎಂಬ ಊರಿನಲ್ಲಿ ಬಿಸಿನೀರಿನ ಬುಗ್ಗೆಯೊಂದರಿಂದ ಹೊಸ ಕೊಳಾಯಿ ಬಂದ ಮೇಲೆ ಮಕ್ಕಳಿಗೆ ಕಲೆಗಳು ಕಾಣಿಸಿಕೊಂಡಿದ್ದವು. ಮೆಕೇಯ ಸಲಹೆಯಂತೆ ಊರವರು ಆ ನೀರನ್ನು ಬಿಟ್ಟು ಬೇರೊಂದು ಬುಗ್ಗೆಯ ನೀರನ್ನು ತಂದರು. ಅನಂತರ ಬೆಳೆದ ಮಕ್ಕಳಿಗೆ ಕಲೆಗಳಿಲ್ಲದ ಹಲ್ಲುಗಳು ಮೂಡಿದವು. ನೀರಿನಲ್ಲಿರುವುದು ಯಾವ ವಸ್ತುವೆಂದು ಯಾರಿಗೂ ತಿಳಿಯದಿದ್ದಾಗಲೇ ನೀರಿನ ದೋಷ ಸಿದ್ಧವಾಗಿತ್ತು! ಅದು ಫ್ಲೋರೈಡೆಂದು ರಸಾಯನಶಾಸ್ತ್ರಜ್ಞ ಚರ್ಚಿಲ್ ತೋರಿಸಿದುದು 1931ರಲ್ಲಿ. ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಈ ರೋಗದ ವರದಿ ಪ್ರಕಟವಾಯಿತು.

ಈಗ ನಮ್ಮ ತಾಲ್ಲೂಕುಗಳಿಗೆ ಮರಳೋಣ. ಈ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಅವುಗಳಲ್ಲಿನ ಬಯೊಟೈಟ್, ಅಪಟೈಟ್ ಮೊದಲಾದ ಖನಿಜಗಳಲ್ಲಿ ಫ್ಲೋರೀನ್ ಅಡಗಿದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು, ಅದರಲ್ಲಿಯೂ ಕ್ಷಾರಗುಣ ಹೆಚ್ಚಾಗಿದ್ದು ಕ್ಯಾಲ್ಸಿಯಂ ಕಡಮೆಯಿರುವ ನೀರು, ಅದನ್ನು ಕರಗಿಸಿಕೊಳ್ಳುತ್ತದೆ. ಬಿರುಕುಗಳು ಎಲ್ಲೆಡೆಯೂ ಒಂದೇ ಬಗೆಯಲ್ಲ. ಆದಕಾರಣ ಅಕ್ಕಪಕ್ಕದ ಎರಡು ಕೊಳವೆಬಾವಿಗಳ ನೀರು ಒಂದೇ ಆಗಿರಬೇಕೆಂದಿಲ್ಲ. ತಾಲ್ಲೂಕಿನ ಸರಾಸರಿಯನ್ನು ನಂಬಿ ಕುಳಿತರೆ ಮೋಸಹೋಗುತ್ತೇವೆ. ಬಾವಿಬಾವಿಯನ್ನೂ ಪರೀಕ್ಷಿಸಿ, ಶಾಲೆಯ ಮಕ್ಕಳ ಹಲ್ಲುಗಳನ್ನು ನೋಡಿ, ಅವರು ಯಾವ ನೀರನ್ನು ಕುಡಿದು ಬೆಳೆದರೆಂದು ವಿಚಾರಿಸಿ, ಎರಡನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಬೇಕು.

ಇದರಲ್ಲಿ ತಡಮಾಡುವಂತಿಲ್ಲ. ಬಾಯಿ ತೆರೆದರೆ ಕಾಣುವ ಬಾಚಿಹಲ್ಲುಗಳ ಹೊರಪದರವು ಜೀವನದ ಮೊದಲ ಕೆಲವೇ ವರ್ಷಗಳಲ್ಲಿ ಸಿದ್ಧವಾಗುತ್ತದೆ. ಆಗ ಆದ ಕೆಡುಕನ್ನು ಯಾವ ಹಲ್ಲುಪುಡಿಯೂ ಅಳಿಸಲಾರದು. ಹಲ್ಲುಜ್ಜುವುದಿಲ್ಲವೆಂದು ಅಂತಹ ಮಗುವನ್ನು ಗದರಿಸುವುದು ಅನ್ಯಾಯ. ನೀರನ್ನು ಕಾಯಿಸಿ ಕುಡಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಶುಚಿಯಾಗಿ ಹಿಡಿದಿಟ್ಟ ಮಳೆನೀರು, ಸರಿಯಾಗಿ ನಡೆಯುವ ಶುದ್ಧ ನೀರಿನ ಘಟಕ, ಫ್ಲೋರೈಡ್ ಕಡಮೆಯಿರುವ ಬೇರೆ ಬಾವಿ, ಇವೇ ದಾರಿಗಳು. ಕುಡಿಯುವುದಕ್ಕೆ ಮಾತ್ರವಲ್ಲ, ಅಡಿಗೆಗೂ ಅದೇ ನೀರನ್ನು ಬಳಸಬೇಕು. ಓಕ್ಲಿಯ ತಂದೆತಾಯಿಗಳು ನೀರನ್ನು ಬದಲಾಯಿಸಲು ರಸಾಯನಶಾಸ್ತ್ರದ ಉತ್ತರಕ್ಕಾಗಿ ಕಾಯಲಿಲ್ಲ. ನಮಗಾದರೋ ಆ ಉತ್ತರ ಎಂದೋ ದೊರೆತಿದೆ.