ಮತ್ಸ್ಯಕನ್ಯೆ ಉಳಿದಳು, ಕಡಲಹಸು ಉಳಿದೀತೇ?

ಸೇತುಬಂಧದ ಪ್ರಸಂಗವನ್ನು ಬಾಲ್ಯದಿಂದ ಕೇಳುತ್ತ ಬೆಳೆದ ನನಗೆ, ಥಾಯ್ಲೆಂಡಿನ ರಾಮಕಥೆ 'ರಾಮಕಿಯೆನ್' ಅದಕ್ಕೆ ನೀಡಿರುವ ತಿರುವು ತಿಳಿದಾಗ ಅಚ್ಚರಿಯಾಗಿತ್ತು. ಅಲ್ಲಿ ಕಪಿಗಳು ಕಡಲಿಗೆಸೆದ ಬಂಡೆಗಳು ಕಾಣೆಯಾಗುತ್ತವೆ. ಹನುಮಂತ ನೀರಿಗಿಳಿದು ನೋಡಿದರೆ, ಮೀನುಗಳ ಪಡೆಯೊಡನೆ ಅವನ್ನು ಹೊತ್ತೊಯ್ಯುತ್ತಿರುವವಳು ರಾವಣನ ಮಗಳು, ಸುವರ್ಣಮತ್ಸ್ಯೆ. ಅಟ್ಟಿಸಿಕೊಂಡು ಹೋದವನಿಗೇ ಅವಳು ಒಲಿಯುತ್ತಾಳೆ, ಸೇತುವೆ ಪೂರ್ಣಗೊಳ್ಳುತ್ತದೆ. ವಾಲ್ಮೀಕಿಯಲ್ಲಿ ಇವಳಿಲ್ಲ. ಬ್ರಹ್ಮಚಾರಿ ಹನುಮಂತನನ್ನಷ್ಟೇ ಬಲ್ಲ ನಮಗೆ ಈ ಕಥೆ ಇರುಸುಮುರುಸು ತರಬಹುದು. ಥಾಯ್ ಜನರಾದರೋ ಅವಳ ಚಿತ್ರವನ್ನು ಶುಭಸೂಚಕವೆಂದು ಮನೆ, ಅಂಗಡಿಗಳಲ್ಲಿ ತೂಗುಹಾಕುತ್ತಾರೆ.

ಮತ್ಸ್ಯಕನ್ಯೆಯರನ್ನು ಕಣ್ಣಾರೆ ಕಂಡೆವೆಂದವರೂ ಇದ್ದಾರೆ. 1493ರ ಜನವರಿಯಲ್ಲಿ ಕೆರಿಬಿಯನ್ ಪ್ರದೇಶದಲ್ಲಿ ಮೂವರನ್ನು ನೋಡಿದ ಕೊಲಂಬಸ್, ಅವರು ಚಿತ್ರಗಳಲ್ಲಿರುವಷ್ಟು ಚೆಲುವೆಯರಲ್ಲವೆಂದು ದಾಖಲಿಸಿದ. ಅವನು ಕಂಡದ್ದು ಮ್ಯಾನಟೀ ಎಂಬ ಸಸ್ಯಾಹಾರಿ ಸ್ತನಿಯನ್ನು ಎಂಬುದು ಇಂದಿನ ವಿದ್ವಾಂಸರ ಅಭಿಪ್ರಾಯ. ಗ್ರೀಕ್ ಪುರಾಣದ ಸೈರನ್‌ಗಳ ನೆನಪಿನಲ್ಲಿಯೇ ವಿಜ್ಞಾನವು ಈ ಕುಲಕ್ಕೆ 'ಸೈರೇನಿಯಾ' ಎಂದು ಹೆಸರಿಟ್ಟಿದೆ.

ಈ ಕುಲದ ಡುಗಾಂಗ್, ಅಂದರೆ ಕಡಲಹಸು, ಇಂದಿಗೂ ಬದುಕಿರುವ ತಾಣಗಳಲ್ಲಿ ರಾಮಸೇತುವಿನ ಇಕ್ಕೆಲಗಳ ಪಾಕ್ ಕೊಲ್ಲಿ ಮತ್ತು ಮನ್ನಾರ್ ಖಾರಿಗಳೂ ಸೇರಿವೆ. ಸುವರ್ಣಮತ್ಸ್ಯೆಯ ಕಥೆ ನಡೆಯುವುದೂ ಈ ನೀರಿನಲ್ಲಿಯೇ. ಇದು ಕಾಕತಾಳೀಯವೇ ಇರಬಹುದು. ನನಗೆ ಮಾತ್ರ ಮರೆಯಲಾಗದ ಕಾಕತಾಳೀಯ.

ಕಡಲಹುಲ್ಲೇ ಇದರ ಆಹಾರ. ಉಸಿರಾಟಕ್ಕೆ ಕೆಲವು ನಿಮಿಷಗಳಿಗೊಮ್ಮೆ ಮೇಲೇಳಲೇಬೇಕು; ಆದ್ದರಿಂದ ಬಲೆಗೆ ಸಿಕ್ಕರೆ ಮುಳುಗಿ ಸಾಯುತ್ತದೆ. ಹಲವು ವರ್ಷಗಳಿಗೊಮ್ಮೆ ಒಂದೇ ಮರಿ. ಹಿಂದೆ ಮಾಂಸಕ್ಕಾಗಿ ಬೇಟೆ ನಡೆಯಿತು. ಈಗ ಟ್ರಾಲರ್‌ಗಳು ಹುಲ್ಲುಗಾವಲನ್ನೇ ಕೆರೆಯುತ್ತಿವೆ. ಭಾರತದಲ್ಲಿ ಉಳಿದಿರುವುದು ಕೆಲವೇ ನೂರು ಎಂಬುದು ತಜ್ಞರ ಅಂದಾಜು.

ಇತಿಹಾಸದ ಎಚ್ಚರಿಕೆ ನಮ್ಮ ಮುಂದಿದೆ. 1741ರಲ್ಲಿ ಬೇರಿಂಗ್ ದ್ವೀಪದ ಬಳಿ ಸ್ಟೆಲ್ಲರ್ ಎಂಬ ನಿಸರ್ಗತಜ್ಞ ಬೃಹತ್ ಕಡಲಹಸುವೊಂದನ್ನು ವರ್ಣಿಸಿದ. 1768ರ ವೇಳೆಗೆ, ಕೇವಲ 27 ವರ್ಷಗಳಲ್ಲಿ, ಬೇಟೆಗಾರರು ಅದನ್ನು ನಿರ್ನಾಮ ಮಾಡಿದ್ದರು.

2022ರಲ್ಲಿ ತಮಿಳುನಾಡು ಸರ್ಕಾರವು ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರ್ ಪ್ರದೇಶವನ್ನು ದೇಶದ ಮೊದಲ ಡುಗಾಂಗ್ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಬಲೆಗೆ ಬಿದ್ದ ಪ್ರಾಣಿಯನ್ನು ಬಿಡಿಸಿ ಕಡಲಿಗೆ ಕಳುಹಿಸಿದ ಬೆಸ್ತರಿಗೆ ಬಹುಮಾನವೂ ಸಂದಿದೆ. ಬಲೆ ಹರಿದರೆ ಬೆಸ್ತನ ದಿನದ ಗಳಿಕೆಯೇ ಹೋಗುತ್ತದೆ. ಆ ನಷ್ಟವನ್ನು ಅವನೊಬ್ಬನೇ ಹೊರಬೇಕೆನ್ನುವುದು ನ್ಯಾಯವಲ್ಲ. ಸುವರ್ಣಮತ್ಸ್ಯೆ ಕದ್ದ ಬಂಡೆಗಳನ್ನು ಹಿಂತಿರುಗಿಸಿದಳಂತೆ. ನಾವು ಕಡಲಿನಿಂದ ಕದ್ದುದನ್ನು ಹಿಂತಿರುಗಿಸಲು ಇನ್ನೂ ಸ್ವಲ್ಪ ಕಾಲಾವಕಾಶವಿದೆ.