ಆಟಗಾರ ಬರೆದ ಕೋಡ್‌ಗೆ ಎಂಜಿನ್‌ನಲ್ಲಿ ಜಾಗ ಕೊಡುವುದು ಹೇಗೆ?

ತಾನು ಬರೆದ ನಾಲ್ಕು ಸಾಲಿಗೆ ಆಟದೊಳಗಿನ ಪಾತ್ರ ಎದ್ದು ನಡೆದಾಗ ಆಟಗಾರನಿಗೆ ಆಗುವ ಖುಷಿ ದೊಡ್ಡದು. ಆದರೆ ಆ ಸಾಲುಗಳು ಓಡುವುದು ಸರ್ವರಿನಲ್ಲೋ ಇನ್ನೊಬ್ಬರ ಕಂಪ್ಯೂಟರಿನಲ್ಲೋ. ಅಪರಿಚಿತರನ್ನು ಜಗಲಿಯಲ್ಲಿ ಕೂರಿಸುವಂತೆ ಆಟಗಾರ ಬರೆದ ಈ ಸ್ಕ್ರಿಪ್ಟನ್ನೂ ಕೂರಿಸಬೇಕು. ನೀರು ಕೊಡಿ, ಒಳಮನೆಯ ಕೀಲಿ ಬೇಡ.

ಇಂಥ ಸ್ಕ್ರಿಪ್ಟಿಗೆ ಹೆಚ್ಚು ಬಳಕೆಯಾಗುವ ಭಾಷೆ ಲುವಾ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ್ದು. ಪೋರ್ಚುಗೀಸಿನಲ್ಲಿ ಹಾಗೆಂದರೆ ಚಂದ್ರ. ತುಂಬ ಪುಟ್ಟದು, ಸಿ ಭಾಷೆಯ ಎಂಜಿನ್‌ನೊಳಗೆ ಸಲೀಸಾಗಿ ಕೂರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕೆ ಆಟಗಾರರು ಸೇರಿಸಿಕೊಳ್ಳುವ ಆಡ್‌ಆನ್‌ಗಳನ್ನು ಬರೆಯುವುದು ಇದರಲ್ಲೇ.

ಲುವಾ ಸ್ಕ್ರಿಪ್ಟ್ ಬಳಸುವ ಜಾಗತಿಕ ಹೆಸರುಗಳನ್ನೆಲ್ಲ ಒಂದು ಟೇಬಲ್‌ನಲ್ಲಿ ಹುಡುಕಲಾಗುತ್ತದೆ. ಪ್ರತಿ ಸ್ಕ್ರಿಪ್ಟಿಗೂ ಬೇರೆಯೇ ಟೇಬಲ್ ಕೊಡಬಹುದು. ಅದರಲ್ಲಿ ಐಓ, ಓಎಸ್ ಲೈಬ್ರರಿಗಳಂಥ ಯಾವುದೂ ಇಲ್ಲದಿದ್ದರೆ ಫೈಲು ತೆರೆಯುವ ದಾರಿಯೇ ಇಲ್ಲ. ಅಪಾಯದ್ದನ್ನು ಹುಡುಕಿ ಅಳಿಸುತ್ತ ಹೋಗಬೇಡಿ, ಒಂದಾದರೂ ಕಣ್ತಪ್ಪುತ್ತದೆ. ಖಾಲಿ ಟೇಬಲ್‌ನಿಂದ ಶುರುಮಾಡಿ, ಬೇಕಾದ್ದನ್ನಷ್ಟೇ ಇಡಿ. ಬೈಟ್‌ಕೋಡ್ ರೂಪದ ಸ್ಕ್ರಿಪ್ಟನ್ನು ಒಪ್ಪಲೇಬೇಡಿ. ಕೆಡಿಸಿದ ಬೈಟ್‌ಕೋಡ್ ಇಂಟರ್‌ಪ್ರಿಟರನ್ನೇ ಕುಸಿಯುವಂತೆ ಮಾಡಬಲ್ಲದು.

ನಿಜವಾಗಿ ಕಾಡುವುದು ಸಮಯ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮಿಗೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಕೊನೆಯಿಲ್ಲದ ಒಂದು ಲೂಪ್ ಸಾಕು, ಇಡೀ ಆಟ ನಿಂತುಬಿಡುತ್ತದೆ. ಇದಕ್ಕೆ ಲುವಾದಲ್ಲಿ ಹುಕ್ ಇದೆ: ಇಂತಿಷ್ಟು, ಉದಾಹರಣೆಗೆ 1000 ಸೂಚನೆಗಳಿಗೊಮ್ಮೆ ಎಂಜಿನ್‌ನ ಫಂಕ್ಷನನ್ನು ಕರೆ ಎಂದು ಹೇಳಬಹುದು. ಲೆಕ್ಕ ಮೀರಿದರೆ ಅಲ್ಲಿ ಎರರ್ ಎಸೆಯಿರಿ. ಆದರೆ ಸ್ಕ್ರಿಪ್ಟ್ ಬರೆದವನು ಆ ಲೂಪಿನೊಳಗೆ ಎರರ್ ಹಿಡಿಯುವ ಪಿಕಾಲ್ ಫಂಕ್ಷನ್ ಇಟ್ಟಿದ್ದರೆ ಅದನ್ನು ನುಂಗಿಕೊಂಡು ಓಟ ಮುಂದುವರಿಯುತ್ತದೆ! ಅದಕ್ಕೇ ಸ್ಕ್ರಿಪ್ಟನ್ನು ಕೊರೂಟೀನ್ ಆಗಿ, ಅಂದರೆ ನಡುವೆ ನಿಲ್ಲಿಸಿ ಮುಂದುವರಿಸಬಹುದಾದಂತೆ ಓಡಿಸಿ, ಸಿ ಭಾಷೆಯಲ್ಲಿ ಬರೆದ ಹುಕ್‌ನಿಂದಲೇ ಯೀಲ್ಡ್ ಮಾಡಿಸುವುದು ವಾಸಿ. ಆಗ ಹಿಡಿತ ಎಂಜಿನ್‌ಗೆ ಮರಳುತ್ತದೆ. ಮುಂದಿನ ಫ್ರೇಮಿನಲ್ಲಿ ಮುಂದುವರಿಸುವುದೋ ಕೈಬಿಡುವುದೋ ನಿಮ್ಮ ತೀರ್ಮಾನ.

ಹುಕ್ ಎಣಿಸುವುದು ಲುವಾ ಸೂಚನೆಗಳನ್ನು ಮಾತ್ರ. ಒಂದಕ್ಷರವನ್ನು ನೂರು ಕೋಟಿ ಸಲ ಜೋಡಿಸು ಎಂದರೆ ಅದೆಲ್ಲ ಒಂದೇ ಕರೆಯಲ್ಲಿ, ಹುಕ್‌ನ ಕಣ್ಣಿಗೆ ಬೀಳದೆ ಮುಗಿಯುತ್ತದೆ. ಟೇಬಲ್‌ನಿಂದ ಈ ಕೆಲಸ ಮಾಡುವ ಸ್ಟ್ರಿಂಗ್ ಲೈಬ್ರರಿಯನ್ನು ತೆಗೆದರೂ, ಯಾವುದೇ ಸ್ಟ್ರಿಂಗ್‌ನ ಮೂಲಕ ಅದು ಕೈಗೆ ಸಿಗುತ್ತದೆ. ಆದ್ದರಿಂದ ಮೆಮೊರಿ ಹಂಚುವ ಫಂಕ್ಷನನ್ನು ನೀವೇ ಬರೆದು ಮಿತಿ ಹಾಕಬೇಕು.

ಸ್ಕ್ರಿಪ್ಟಿಗೆ ಏನೇನು ಕೊಡುತ್ತೀರಿ ಎಂಬಲ್ಲೇ ಆಟದ ನ್ಯಾಯವೂ ತೀರ್ಮಾನವಾಗುತ್ತದೆ. ಗೋಡೆಯಾಚೆಯ ಶತ್ರು ಎಲ್ಲಿದ್ದಾನೆಂದು ಎಪಿಐ ಹೇಳಿದರೆ ಯಾರಾದರೂ ಅದನ್ನು ಬಳಸಿಯೇ ಬಳಸುತ್ತಾರೆ. ಯಾವ ಮಂತ್ರ, ಯಾರ ಮೇಲೆ ಎಂದು ಆಡ್‌ಆನ್‌ಗಳೇ ಆರಿಸತೊಡಗಿದ್ದರಿಂದ ವಾರ್‌ಕ್ರಾಫ್ಟ್ 2006ರ ಕೊನೆಯಲ್ಲಿ, ಕಾಳಗದ ನಡುವೆ ಅವು ಹಾಗೆ ಮಾಡದಂತೆ ತಡೆದಿತು.

ಆಟಗಾರರಿಗೆ ಬಾಗಿಲು ತೆರೆಯುವ ಮುನ್ನ ಮೂರು ಸ್ಕ್ರಿಪ್ಟ್ ಬರೆಯಿರಿ: ಕೊನೆಯಿಲ್ಲದ ಲೂಪ್, ಪಿಕಾಲ್ ಅಡಗಿಸಿಕೊಂಡ ಲೂಪ್, ನೂರು ಕೋಟಿ ಅಕ್ಷರದ ಸ್ಟ್ರಿಂಗ್. ಮೂರನ್ನೂ ನಿಮ್ಮ ಎಂಜಿನ್‌ನಲ್ಲಿ ಓಡಿಸಿ ನೋಡಿ.